ಅಕ್ಷರಗುಂಡೂ ಪೇಟೆಯ ದೇವಾಲಯವೂ

ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯ ಬಳಿಯಲ್ಲಿ ಒಂದು ಬಂಡೆಯುಂಟು. ನಮ್ಮ ವಾಚಕರಲ್ಲಿ ಅನೇಕರು ಅದನ್ನು ಕಣ್ಣಾರೆ ಕಂಡವರೇ. ಸುತ್ತಣ ಹಳ್ಳಿಗಳ ದನಗಾಹಿಗಳೂ ರೈತರೂ ಅದನ್ನು ಅಕ್ಷರಗುಂಡು ಎಂದು ಕರೆಯುತ್ತಾ ಬಂದರು. ಬಂಡೆಯ ಮೇಲಣ ಗೀರುಗಳು ಮಳೆಬಿಸಿಲುಗಳಿಂದ ಆದವುಗಳಲ್ಲ, ಮನುಷ್ಯನ ಕೈ ಕೊರೆದ ಅಕ್ಷರಗಳೇ ಎಂಬಷ್ಟನ್ನು ಅವರು ಬಲ್ಲರು. ಆದರೆ ಅಲ್ಲಿ ಬರೆದಿರುವದೇನು, ಬರೆಯಿಸಿದವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರು ಒಬ್ಬರೂ ಇರಲಿಲ್ಲ. ಓದಲು ಬಾರದ ಬರಹಕ್ಕೆ ಔಷಧದ ಗುಣವುಂಟೆಂದು ಮಾತ್ರ ನಂಬಿಕೊಂಡಿದ್ದರು. ಸಿದ್ದಾಪುರದ ಬಳಿಯಲ್ಲಿರುವ ಎಮ್ಮೆ ತಮ್ಮನ ಗುಂಡು, ಜಟಿಂಗ ರಾಮೇಶ್ವರ ಬೆಟ್ಟದ ಮೇಲಿರುವ ಬಳೆಗಾರ ಗುಂಡು, ಇವೆರಡೂ ಅಂಥವೇ. ಒಂದರ ನೆರಳಿನಲ್ಲಿ ಎಮ್ಮೆಗಳು ಮಲಗಿದವು. ಇನ್ನೊಂದರ ಬಳಿ ಜಾತ್ರೆಯ ದಿನಗಳಲ್ಲಿ ಬಳೆಯ ಮಲಾರಗಳು ಇಳಿದವು. ಅಕ್ಷರಗಳು ಸುಮ್ಮನೆ ಕಾದುಕೊಂಡಿದ್ದವು.

ಈ ಪಾಠದಲ್ಲಿ ನಾವು ವಿಚಾರಿಸಬೇಕೆಂದಿರುವದು ಬಂಡೆಯ ಸಂಗತಿಯಲ್ಲ, ಬೆಂಗಳೂರು ಪೇಟೆಯಲ್ಲಿರುವ ರೈಸ್ ಸ್ಮಾರಕ ದೇವಾಲಯದ ಚರಿತ್ರೆಯನ್ನೂ ಕಟ್ಟೋಣದ ರೀತಿಯನ್ನೂ ಆಗಿದೆ. ಆದರೆ ಮೊಳಕಾಲ್ಮುರಿನಿಂದ ಸುಮಾರು ನೂರೈವತ್ತು ಮೈಲು ದೂರದಲ್ಲಿರುವ ಆ ದೇವಾಲಯಕ್ಕೂ ನಮ್ಮ ಸೀಮೆಯ ಆ ಗುಂಡುಗಳಿಗೂ ಒಂದು ನಂಟುಂಟು. ದೇವಾಲಯವು ಯಾವ ಮನುಷ್ಯನ ಹೆಸರನ್ನು ಹೊತ್ತಿದೆಯೋ ಆತನ ಮಗನೇ ಈ ಗುಂಡುಗಳ ಬರಹವನ್ನು ಲೋಕಕ್ಕೆ ತಿಳಿಸಿದವನು. ತಂದೆಯ ಕಲ್ಲಿನಿಂದ ಮಗನ ಕಲ್ಲಿಗೆ ಬರುವ ದಾರಿಯಲ್ಲಿ ನಾವು ಕಲಿಯತಕ್ಕದ್ದು ಬಹಳವಿರುವದರಿಂದ ವಾಚಕರು ಸ್ವಲ್ಪ ತಾಳ್ಮೆಯಿಂದ ನಮ್ಮ ಸಂಗಡ ನಡೆಯಬೇಕೆಂದು ಕೇಳಿಕೊಳ್ಳುತ್ತೇವೆ.

ಬೆಂಜಮಿನ್ ರೈಸ್ ಅಯ್ಯನವರು 1814ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಲಂಡನ್ ಮಿಶನ್ ಸಂಘದವರಿಂದ ಕಳುಹಿಸಲ್ಪಟ್ಟು, 1837ರಲ್ಲಿ ಬೆಂಗಳೂರಿಗೆ ಬಂದರು. ಆ ಸಂಘದವರ ಕೆಲಸವು ಕನ್ನಡ ದೇಶದಲ್ಲಿ ಅದಕ್ಕೆ ಮುಂಚೆಯೇ ಬೇರೂರಿತ್ತು. ನಮಗೆ ನೆರೆಯಾದ ಬಳ್ಳಾರಿಗೆ ಜಾನ್ ಹ್ಯಾಂಡ್ಸ್ ಅಯ್ಯನವರು 1810ರಲ್ಲಿ ಬಂದು, ಕನ್ನಡದಲ್ಲಿ ಸತ್ಯವೇದವನ್ನು ತರ್ಜುಮೆ ಮಾಡುವ ಪ್ರಯಾಸಕ್ಕೆ ಕೈಹಾಕಿದ್ದರು. ಬೆಂಗಳೂರಿನಲ್ಲಿ ಸಂಘದ ಕೆಲಸವು 1820ರಲ್ಲಿ ಮೊದಲಾಯಿತು. ರೈಸ್ ಅಯ್ಯನವರು ಕನ್ನಡವನ್ನು ಕಲಿತದ್ದು ಬರೀ ಪ್ರಸಂಗ ಮಾಡುವದಕ್ಕಾಗಿ ಅಲ್ಲ. ಆ ಭಾಷೆಯಲ್ಲಿ ಪುಸ್ತಕಗಳನ್ನು ಸಿದ್ಧಮಾಡಿದರು, ಪಾಠಶಾಲೆಗಳನ್ನು ನಡಿಸಿದರು, ಕನ್ನಡ ಸತ್ಯವೇದವನ್ನು ತಿದ್ದುವ ಮಂಡಲಿಯಲ್ಲಿ ಇತರ ಮಿಶನ್‌ಗಳ ಪಂಡಿತರೊಂದಿಗೆ ಕೂತು ವರುಷಗಟ್ಟಲೆ ದುಡಿದರು. 1840ರ ದಶಕದಲ್ಲಿಯೇ ಅವರ ಪತ್ನಿಯವರೂ ಸಂಗಡಿಗರಾದ ಬೇರೆ ಮಿಶನರಿಯ ಪತ್ನಿಯವರೂ ಪೇಟೆಯ ಹೆಣ್ಣುಮಕ್ಕಳಿಗೆ ಕನ್ನಡದಲ್ಲಿ ಓದುಬರಹ ಕಲಿಸುವದಕ್ಕೆ ತೊಡಗಿದರು. ಹೆಣ್ಣುಮಗು ಓದಿದರೆ ಮನೆ ಕೆಡುವದೆಂದು ಜನರು ಹೇಳುತ್ತಿದ್ದ ಕಾಲವದು. ಐವತ್ತು ವರುಷಗಳ ಸೇವೆಯ ತರುವಾಯ 1887ರಲ್ಲಿ ರೈಸ್ ಅಯ್ಯನವರು ತೀರಿಕೊಂಡರು.

ಬೆಂಗಳೂರನ್ನು ನೋಡಿದವರಿಗೆ ಅದು ಒಂದಲ್ಲ, ಎರಡು ಊರುಗಳೆಂಬದು ತಿಳಿದದೆ. ಕೆಂಪೇಗೌಡನು ಕಟ್ಟಿಸಿದ ಹಳೆಯ ಪೇಟೆಯು ಒಂದು. ಇಂಗ್ಲಿಷರ ದಂಡು ಇಳಿದ ಕಂಟೋನ್ಮೆಂಟ್ ಇನ್ನೊಂದು. ದಂಡಿನ ಕಡೆಯ ದೇವಾಲಯಗಳನ್ನು ಸಿಪಾಯಿಗಳಿಗಾಗಿಯೂ ಅಧಿಕಾರಿಗಳಿಗಾಗಿಯೂ ಕಟ್ಟಿಸಿದರು. 1808ರಲ್ಲಿ ಮೊದಲಾಗಿ 1812ರಲ್ಲಿ ಮುಗಿದ ಸಂತ ಮಾರ್ಕನ ದೇವಾಲಯವು ಹಾಗೆ ಹುಟ್ಟಿದ್ದು. 1923ರಲ್ಲಿ ಅದಕ್ಕೆ ಬೆಂಕಿ ಬಿದ್ದು ಹಾಳಾಗಲು, ತಿರಿಗಿ ಕಟ್ಟಿ 1927ರಲ್ಲಿ ಪ್ರತಿಷ್ಠೆ ಮಾಡಿದರು. ಅಲ್ಲಿ ಜಾಗಕ್ಕೆ ಕೊರತೆಯಿರಲಿಲ್ಲ. ಸುತ್ತಲೂ ಬಯಲು, ಮರಗಳ ಸಾಲು, ಬಂಡಿ ನಿಲ್ಲಿಸುವದಕ್ಕೆ ಅಂಗಳ. ಪೇಟೆಯ ಸಂಗತಿ ಬೇರೆ. ಆಗ ದೊಡ್ಡಪೇಟೆಯೆಂದೂ ಈಗ ಅವೆನ್ಯೂ ರಸ್ತೆಯೆಂದೂ ಕರೆಯುವ ಬೀದಿಯಲ್ಲಿ ಅಂಗಡಿಗೆ ಅಂಗಡಿ ಆತುಕೊಂಡಿರುವದು. ಮೂಟೆ ಹೊತ್ತವನಿಗೆ ದಾರಿ ಬಿಟ್ಟು ಒಬ್ಬನು ಗೋಡೆಗೆ ಒರಗಬೇಕಾಗುವದು. ಇಂಥ ಬೀದಿಯಲ್ಲಿ, ಕನ್ನಡ ಮಾತಾಡುವ ವ್ಯಾಪಾರಿಗಳ, ನೇಕಾರರ, ಕೂಲಿಯವರ ನಡುವೆ, ಕನ್ನಡ ಚಾಪೆಲ್ ಒಂದನ್ನು ಎಬ್ಬಿಸುವದಕ್ಕೆ ರೈಸ್ ಅಯ್ಯನವರು ಮುಂದಾಳಾದರು. ಬಯಲಿನಲ್ಲಿ ಕಟ್ಟಿದ್ದರೆ ಮನೆಯು ದೊಡ್ಡದಾಗುತ್ತಿತ್ತು. ಪೇಟೆಯಲ್ಲಿ ಕಟ್ಟಿದ್ದರಿಂದ ಸರಕು ಕೊಳ್ಳಲು ಬಂದ ಹಳ್ಳಿಯವನು ಬಾಗಿಲಲ್ಲಿ ನಿಂತು ಒಳಗಣ ಮಾತನ್ನು ಕೇಳಬಹುದಾಗಿತ್ತು. ಈ ಎರಡರಲ್ಲಿ ಅವರು ಎರಡನೆಯದನ್ನೇ ಆರಿಸಿಕೊಂಡರು. ನಮ್ಮ ಎಣಿಕೆಯಲ್ಲಿ ಆ ದೇವಾಲಯದ ಶಿಲ್ಪದಲ್ಲೆಲ್ಲಾ ಮುಖ್ಯವಾದದ್ದು ಈ ಸ್ಥಳದ ಆಯ್ಕೆಯೇ.

ಹಳೆಯ ಕನ್ನಡ ಚಾಪೆಲಿದ್ದ ನಿವೇಶನದಲ್ಲಿಯೇ 1913ರಿಂದ 1917ರ ತನಕ ಈಗಿನ ದೇವಾಲಯವನ್ನು ಹೊಸದಾಗಿ ಕಟ್ಟಿ, ಅದಕ್ಕೆ ರೈಸ್ ಅಯ್ಯನವರ ಹೆಸರನ್ನಿಟ್ಟರು. ಅಯ್ಯನವರು ತೀರಿಹೋಗಿ ಆಗ ಇಪ್ಪತ್ತೈದು ವರುಷಗಳು ಮೀರಿದ್ದವು. ಕೆಲಸ ಹಿಡಿದ ಮರುವರುಷವೇ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿತು. ಅದು ಮುಗಿಯುವದಕ್ಕೆ ಮುಂಚೆಯೇ ಪೇಟೆಯ ಮನೆಯು ಮುಗಿಯಿತು. ಅಷ್ಟರಲ್ಲಿ ಲಂಡನ್ ಮಿಶನ್ನಿನ ಸಭೆಗಳು 1908ರ ಒಕ್ಕೂಟದಿಂದ ದಕ್ಷಿಣ ಇಂಡಿಯಾ ಐಕ್ಯ ಸಭೆಯಲ್ಲಿ ಸೇರಿದ್ದವು. ಮುಂದೆ 1947ನೆಯ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾದಾಗ ವೆಸ್ಲಿಯನ್ ಮೊದಲಾದವರೊಡನೆ ಇವರೂ ಒಂದಾದರು. ಹೀಗೆ ಗೋಡೆಗಳು ಅವೇ ಇದ್ದು, ಒಳಗೆ ಕೂಡುವ ಸಭೆಯ ಹೆಸರು ಬದಲಾಯಿತು. ನಮ್ಮ ಕನ್ನಡದಲ್ಲಿ ಜನರ ಕೂಟಕ್ಕೆ ಸಭೆಯೆಂತಲೂ ಮನೆಗೆ ದೇವಾಲಯವೆಂತಲೂ ಬೇರೆ ಬೇರೆ ಮಾತುಗಳಿರುವದು ಒಳ್ಳೆಯದಾಯಿತು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತಾದದರಿಂದ ಅವರಿಗೆ ಆಗಾಗ್ಗೆ ವಿವರಿಸಬೇಕಾಗುವದು.

ಈಗ ಬೀದಿಯಲ್ಲಿ ನಿಂತು ದೇವಾಲಯದ ಮುಖವನ್ನು ನೋಡೋಣ. ಹಳೆಯ ಪುಸ್ತಕ ಮಾರುವವರ ಅಂಗಡಿಗಳಿಂದ ಹೆಸರಾದ ಆ ರಸ್ತೆಯಲ್ಲಿ ಅವಸರದಿಂದ ಹೋಗುವವನಿಗೆ ಅದು ಕಾಣದೆ ಹೋಗುವದೂ ಉಂಟು. ಗಾರೆ ಬಳಿದು ಮುಚ್ಚದೆ ಕಲ್ಲನ್ನು ಕಲ್ಲಾಗಿಯೇ ತೋರಿಸುವ ಗೋಡೆ, ಮುಂದೆ ಕಂಬಗಳು, ಕಂಬಗಳ ಮೇಲೆ ಮುಕ್ಕೋನದ ಮುಖ, ಅರ್ಧಚಂದ್ರದಂತೆ ಬಾಗಿದ ನೆತ್ತಿಯುಳ್ಳ ಕಿಟಕಿಗಳು, ಅವುಗಳ ನಡುನೆತ್ತಿಯಲ್ಲಿ ಎದ್ದು ಕಾಣುವ ಒಂದೊಂದು ಕಲ್ಲು. ಈ ರೀತಿಯನ್ನು ಯೂರೋಪಿನವರು ಪುರಾತನ ಗ್ರೀಕರಿಂದಲೂ ರೋಮಾಯರಿಂದಲೂ ಪಡೆದುಕೊಂಡರು. ನಡುವೆ ಅದು ಮರೆತುಹೋಗಿ, ಸುಮಾರು ಐನೂರು ಆರುನೂರು ವರುಷಗಳ ಹಿಂದೆ ಇಟಲಿ ದೇಶದಲ್ಲಿ ತಿರಿಗಿ ಎದ್ದಿತು.

ಮುಕ್ಕೋನದ ಮುಖವೆಂಬದು ನಮಗೆ ಹೊಸದಲ್ಲ. ಎರಡು ಕಡೆಗೆ ಇಳಿಜಾರಾದ ಮಾಡಿನ ಮನೆಯನ್ನು ಮುಂದಿನಿಂದ ನೋಡಿದರೆ ಗೋಡೆಯ ಮೇಲ್ತುದಿಯು ಮುಕ್ಕೋನವಾಗಿಯೇ ಕಾಣುವದು. ಅದನ್ನೇ ಅಳತೆಗೊಳಿಸಿ, ಅಂಚು ಕಟ್ಟಿ, ಕಂಬಗಳ ಮೇಲೆ ಇಟ್ಟರೆ ಇವರ ಮುಖವಾಯಿತು. ಕಂಬಗಳಿಗೆ ಟಸ್ಕನ್ ಎಂದು ಹೆಸರು. ಪುರಾತನ ಕಂಬಗಳ ಜಾತಿಗಳಲ್ಲಿ ಇದು ಎಲ್ಲಕ್ಕಿಂತಲೂ ಸಾದಾ. ಮೈಯಲ್ಲಿ ಗೆರೆಯಿಲ್ಲ, ತಲೆಯಲ್ಲಿ ಎಲೆಹೂವುಗಳಿಲ್ಲ. ಬುಡದಲ್ಲೊಂದು ಬಳೆ, ನೆತ್ತಿಯಲ್ಲೊಂದು ಬಳೆ, ಅಷ್ಟೇ. ಕಂಬದ ಅಡ್ಡಗಲ ಒಂದು ಪಾಲಾದರೆ ಎತ್ತರ ಏಳು ಪಾಲಿರಬೇಕೆಂದು ರೋಮಾಯರ ಲೆಕ್ಕ. ಹೊಯ್ಸಳರ ಕಾಲದ ಗುಡಿಗಳಲ್ಲಿ ಕಡೆದು ನಯಮಾಡಿದ ಕಂಬಗಳನ್ನು ಕಂಡ ಕಣ್ಣಿಗೆ ಇದು ಬಡವನ ಕಂಬದಂತೆ ತೋರೀತು. ಆದರೆ ಬೆಂಗಳೂರಿನ ಕರಿಕಲ್ಲು ಮಿದುವಾದದ್ದಲ್ಲ. ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲು ಉಳಿಗೆ ಬೆಣ್ಣೆಯಂತೆ ಒಪ್ಪಿತು. ಈ ಕಲ್ಲಿನಲ್ಲಿ ಒಂದು ಹೂವಿನ ಎಸಳನ್ನು ಬಿಡಿಸುವಷ್ಟರಲ್ಲಿ ಉಳಿಯ ಬಾಯಿ ಎಷ್ಟು ಸಾರಿ ಮುರಿಯುವದೋ! ಸಾಲಾಗಿ ಕುಳಿ ತೋಡಿ, ಬೆಣೆ ಹೊಡೆದು ಸೀಳಿ, ಮೈ ಸಮಮಾಡಿ ಗೋಡೆಗೆ ಏರಿಸಿದರೆ ಅದು ತಲೆತಲಾಂತರಕ್ಕೂ ನಿಲ್ಲುವದು. ಸಾದಾ ರೀತಿಯು ಗಟ್ಟಿ ಕಲ್ಲಿಗೆ ತಕ್ಕ ರೀತಿಯೇ.

ಇನ್ನು ಕಿಟಕಿಯ ಕಮಾನಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಯಾಕಂದರೆ ನಮ್ಮ ಹಳ್ಳಿಗಳಲ್ಲಿ ಬಾಗಿಲಿನ ಮೇಲಣ ಚಪ್ಪಡಿ ಬಿರಿಯದ ಮನೆಯನ್ನು ಹುಡುಕಬೇಕಾಗಿದೆ. ಕಲ್ಲಿಗೆ ಒಂದು ಸ್ವಭಾವವುಂಟು: ಮೇಲಿನಿಂದ ಎಷ್ಟು ಭಾರ ಹೇರಿದರೂ ಅದು ತಾಳುವದು, ಎಳೆದರೆ ತಾಳದು. ಬಾಗಿಲಿನ ಮೇಲೆ ಅಡ್ಡಲಾಗಿ ಇಟ್ಟ ಚಪ್ಪಡಿಯು ಗೋಡೆಯ ಭಾರಕ್ಕೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಅದರ ಮೇಲ್ಮೈ ಒತ್ತಿಕೊಳ್ಳುವದು, ಕೆಳಮೈ ಎಳೆದುಕೊಳ್ಳುವದು. ಆದದರಿಂದ ಬಿರುಕು ಯಾವಾಗಲೂ ಕೆಳಗಿನಿಂದ, ನಡುವಿನಲ್ಲಿ, ಮೊದಲಾಗುವದು. ನಮ್ಮ ಪೂರ್ವಿಕರ ಕಲ್ಲಿನ ಮಂಟಪಗಳಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿ ನಿಂತಿರುವದಕ್ಕೆ ಇದೇ ಕಾರಣ. ಎರಡು ಕಂಬಗಳ ನಡುವಣ ತೊಲೆಗಲ್ಲು ಉದ್ದವಾದಷ್ಟೂ ಮುರಿಯುವ ಭಯ ಹೆಚ್ಚು.

ಕಮಾನಿನಲ್ಲಿ ಉದ್ದ ಕಲ್ಲೇ ಬೇಡ. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಆಗಿರುವಂತೆ ಬೆಣೆಯ ಆಕಾರದಲ್ಲಿ ಚಿಕ್ಕ ಕಲ್ಲುಗಳನ್ನು ಕಡಿದು, ಬಾಗಿದ ಮರದ ಚೌಕಟ್ಟಿನ ಮೇಲೆ ಎರಡು ಪಕ್ಕಗಳಿಂದಲೂ ಏರಿಸುತ್ತಾ ಬಂದು, ನಡುವೆ ಕೊನೆಯ ಕಲ್ಲನ್ನು ಇಳಿಸಿ ಬಿಗಿಮಾಡುವರು. ಆಮೇಲೆ ಮರವನ್ನು ತೆಗೆದರೂ ಕಮಾನು ನಿಲ್ಲುವದು. ಪ್ರತಿಯೊಂದು ಕಲ್ಲೂ ಕೆಳಗೆ ಬೀಳಲು ಹೊರಡುವದು. ಹೊರಟ ಕೂಡಲೇ ಎರಡು ಪಕ್ಕದ ಕಲ್ಲುಗಳು ಅದನ್ನು ಒತ್ತಿ ಹಿಡಿಯುವವು. ಎಳೆತವೆಂಬದು ಎಲ್ಲಿಯೂ ಇಲ್ಲ, ಒತ್ತಡವೇ ಎಲ್ಲಾ. ನಡುವಣ ಆ ಕೊನೆಯ ಕಲ್ಲನ್ನು ಬೀಗದ ಕಲ್ಲು ಎನ್ನಬಹುದು. ಪೇಟೆಯ ದೇವಾಲಯದ ಕಿಟಕಿಗಳಲ್ಲಿ ಎದ್ದು ಕಾಣುವದು ಇದೇ. ಇದೊಂದೇ ಕಮಾನನ್ನೆಲ್ಲಾ ಹೊತ್ತಿರುವದೆಂದು ಜನರು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ಕಡೆಯಲ್ಲಿ ಇಟ್ಟ ಕಲ್ಲೇ ಹೊರತು ಹೆಚ್ಚು ಹೊರುವ ಕಲ್ಲಲ್ಲ. ಪಕ್ಕದ ಯಾವ ಕಲ್ಲನ್ನು ಕಿತ್ತರೂ ಕಮಾನು ಬೀಳುವದು. ಈ ಮಾತನ್ನು ಸಭಾಹಿರಿಯರ ಕೂಟಗಳಲ್ಲಿ ನಾವು ಹೇಳಿ ನೋಡಿದ್ದೇವೆ. ಎಲ್ಲರೂ ಒಪ್ಪಿ ತಲೆದೂಗುತ್ತಾರೆ. ಕುರ್ಚಿಯ ವಿಷಯ ಬಂದಾಗ ಮಾತ್ರ ಮರೆಯುತ್ತಾರೆ.

ಆದರೆ ಅರ್ಧಚಂದ್ರದ ಕಮಾನಿಗೂ ಒಂದು ದೋಷವುಂಟು. ಅದು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲದೆ ಎರಡು ಪಕ್ಕಗಳಿಗೂ ನೂಕುವದು. ಪಕ್ಕದ ಗೋಡೆಯು ದಪ್ಪವಾಗಿಲ್ಲದಿದ್ದರೆ ಹೊರಕ್ಕೆ ವಾಲುವದು. ಇದನ್ನು ಕಂಡು ಯೂರೋಪಿನ ನಡುಗಾಲದ ಶಿಲ್ಪಿಗಳು ಚೂಪು ನೆತ್ತಿಯ ಕಮಾನನ್ನು ಹಿಡಿದರು. ನೆತ್ತಿ ಚೂಪಾದರೆ ಪಕ್ಕದ ನೂಕು ಕಡಿಮೆಯಾಗುವದು. ಆಗ ಗೋಡೆಯನ್ನು ಹೆಚ್ಚು ಎತ್ತರಕ್ಕೆ ಎಬ್ಬಿಸಿ, ಹೊರಗಡೆ ಒತ್ತುಗೋಡೆಗಳನ್ನು ಕೊಟ್ಟು, ದೊಡ್ಡ ಕಿಟಕಿಗಳನ್ನು ಬಿಡಬಹುದು. ಇದಕ್ಕೆ ಗಾತಿಕ್ ರೀತಿಯೆಂದು ಹೆಸರು. ಬೆಂಗಳೂರಿನಲ್ಲಿ ಪೇಟೆಗೆ ತುಸು ದೂರದಲ್ಲಿಯೇ ಇದರ ಮಾದರಿಯುಂಟು: ವೆಸ್ಲಿಯನ್ ಮಿಶನ್ನಿನ ಕನ್ನಡ ಸಭೆಯವರ ಹಡ್ಸನ್ ಸ್ಮಾರಕ ದೇವಾಲಯ. ಕನ್ನಡ ಪಾಠಶಾಲೆಗಳಿಗಾಗಿ, ವಿಶೇಷವಾಗಿ ಹೆಣ್ಣುಮಕ್ಕಳ ಪಾಠಶಾಲೆಗಳಿಗಾಗಿ, ಪ್ರಯಾಸಪಟ್ಟ ಜೋಸಾಯ ಹಡ್ಸನ್ ಅಯ್ಯನವರ ಹೆಸರಿನಲ್ಲಿ ಅದನ್ನು 1904ರಲ್ಲಿ ತೆರೆದರು. ಒಂದೇ ಊರು, ಒಂದೇ ಭಾಷೆ, ಒಂದೇ ಜಾತಿಯ ಕಲ್ಲು, ನಡುವೆ ಹತ್ತು ಹನ್ನೆರಡು ವರುಷಗಳ ಅಂತರ. ಆದಾಗ್ಯೂ ಒಂದರಲ್ಲಿ ಚೂಪು ಕಮಾನು, ಇನ್ನೊಂದರಲ್ಲಿ ಅರ್ಧಚಂದ್ರ. ಬೆಂಗಳೂರಿಗೆ ಹೋಗುವ ವಾಚಕರು ಎರಡನ್ನೂ ಒಂದೇ ದಿನದಲ್ಲಿ ಕಾಲ್ನಡೆಯಾಗಿಯೇ ನೋಡಬಹುದು. ಪಾಠವನ್ನು ಹತ್ತು ಸಾರಿ ಓದುವದಕ್ಕಿಂತ ಅದು ಮೇಲು.

ಎರಡರಲ್ಲಿ ಯಾವದು ಉತ್ತಮವೆಂದು ಕೇಳುವಿರಾ? ಚೆಲುವಿಗೆ ಹಡ್ಸನ್ ದೇವಾಲಯವನ್ನು ಹೇಳುವವರೇ ಬಹಳ. ನಾವೂ ಜಗಳಕ್ಕೆ ನಿಲ್ಲುವದಿಲ್ಲ. ಆದರೆ ಲಂಡನ್ ಮಿಶನ್ನಿನವರು ಇಂಗ್ಲೆಂಡಿನಲ್ಲಿ ರಾಜಸಭೆಯಿಂದ ಬೇರೆಯಾಗಿ ನಿಂತ ಸ್ವತಂತ್ರ ಸಭೆಗಳ ಮಕ್ಕಳು. ಆ ಸಭೆಗಳವರ ಹಳೆಯ ಚಾಪೆಲುಗಳು ಗೋಪುರವಿಲ್ಲದ, ಚಿತ್ರವಿಲ್ಲದ, ನಾಲ್ಕು ಗೋಡೆಯ ಮನೆಗಳು. ಅವರಿಗೆ ಬೇಕಾಗಿದ್ದುದು ಒಂದೇ: ಹಿಂದಿನ ಸಾಲಿನಲ್ಲಿ ಕೂತ ಮುದುಕಿಗೂ ಬೋಧಕನ ಮಾತು ಕೇಳಿಸಬೇಕು. ಪೇಟೆಯ ದೇವಾಲಯದ ಸಾದಾ ಮುಖದಲ್ಲಿ ಆ ವಂಶದ ಗುರುತು ನಮಗೆ ಕಾಣುತ್ತದೆ.

ಕೇಳಿಸುವ ಸಂಗತಿಯನ್ನು ನಮ್ಮ ಹಳ್ಳಿಯ ಸಭೆಗಳವರು ಕಟ್ಟುವಾಗ ಎಣಿಸುವದೇ ಇಲ್ಲ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 1,100 ಅಡಿ ಓಡುವದು. ಬೋಧಕನ ಮಾತು ನೇರವಾಗಿ ನಮ್ಮ ಕಿವಿಗೆ ಬರುವದು. ಅದೇ ಮಾತು ಎದುರು ಗೋಡೆಗೆ ಬಡಿದು ಹಿಂದಿರುಗಿ ಎರಡನೆಯ ಸಾರಿಯೂ ಬರುವದು. ಮನೆ ಚಿಕ್ಕದಾದರೆ ಎರಡೂ ಒಟ್ಟಿಗೆ ಸೇರಿ ಮಾತಿಗೆ ಬಲ ಕೊಡುವವು. ದೊಡ್ಡದಾಗಿ, ಎತ್ತರವಾಗಿ, ಬರೀ ಕಲ್ಲು ಸಿಮೆಂಟುಗಳದ್ದಾದರೆ, ಹಿಂದಣ ಮಾತು ಮುಂದಣ ಮಾತಿನ ಮೇಲೆ ಬಿದ್ದು ಎಲ್ಲಾ ಕಲಸಿಹೋಗುವದು. ಮನುಷ್ಯರ ಮೈ, ಬಟ್ಟೆ, ಚಾಪೆ, ಕಂಬಳಿ ಇವು ಶಬ್ದವನ್ನು ನುಂಗುತ್ತವೆ. ಆದದರಿಂದಲೇ ಜನ ತುಂಬಿದ ಹಬ್ಬದ ದಿನದಲ್ಲಿ ಮಾತು ತಿಳಿಯಾಗಿಯೂ, ಹತ್ತು ಮಂದಿ ಬಂದ ಭಾನುವಾರದಲ್ಲಿ ಗೊಜಗೊಜವಾಗಿಯೂ ಕೇಳಿಸುವದು. ಚಳ್ಳಕೆರೆಯ ಕುರಿಯುಣ್ಣೆಯ ಕಂಬಳಿಯೊಂದನ್ನು ಹಿಂದಣ ಗೋಡೆಗೆ ತೂಗಿಹಾಕಿ ನೋಡಿರಿ. ಮೈಕು ತರುವದಕ್ಕಿಂತ ಅಗ್ಗದ ಉಪಾಯವಿದು.

ನಮ್ಮ ಸೀಮೆಯ ಮನೆ ಕಟ್ಟುವ ರೀತಿಯನ್ನು ನಾವು ಹಗುರವಾಗಿ ಎಣಿಸಬಾರದು. ವರುಷಕ್ಕೆ ಇಪ್ಪತ್ತು ಅಂಗುಲ ಮಳೆ ಬಂದರೆ ಸುಭಿಕ್ಷವೆನ್ನುವ ನಾಡಿದು. ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಸೊಪ್ಪುಕಡ್ಡಿ, ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದಂತೆ ಕರಲು ಮಣ್ಣು: ಇಂಥ ಮಾಳಿಗೆಯ ಒಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿಯೂ ಕೂತಿರಬಹುದು. ಆದರೆ ತೊಲೆ ಎಷ್ಟು ಉದ್ದವೋ ಕೋಣೆ ಅಷ್ಟೇ ಅಗಲ. ದೊಡ್ಡ ಕೂಟಕ್ಕೆ ಮಾಳಿಗೆ ಹಾಕಿದರೆ ನಡುವೆ ಕಂಬಗಳು ಬೇಕು. ಕಂಬದ ಹಿಂದೆ ಕೂತವನು ನಿದ್ದೆ ಮಾಡುವನು. ಇದಕ್ಕಾಗಿಯೇ ಅನೇಕ ಮಿಶನ್ ಕಟ್ಟಡಗಳಿಗೆ ಮಂಗಳೂರು ಹಂಚು ಬಂದಿತು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಅಯ್ಯನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ, ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹಂಚು ನಾಡೆಲ್ಲಾ ಹಬ್ಬಿತು. ಮುಕ್ಕೋನವಾಗಿ ಜೋಡಿಸಿದ ಮರದ ಕತ್ತರಿಗಳ ಮೇಲೆ ಹಂಚು ಹೊದಿಸಿದರೆ, ಕಂಬವಿಲ್ಲದೆ ಇಪ್ಪತ್ತು ಇಪ್ಪತ್ತೈದು ಅಡಿ ಅಗಲದ ಮನೆಯಾಗುವದು. ಗೋಡೆ ನಮ್ಮ ಕಲ್ಲಿನದು, ಮಾಡು ಕರಾವಳಿಯದು. ಇದರಲ್ಲಿ ನಾಚಿಕೆಯೇನೂ ಇಲ್ಲ. ನಗರದ ಗೋಪುರದ ಚಿತ್ರವನ್ನು ನೋಡಿ, ಅಂಥದೇ ಬೇಕೆಂದು ಸಿಮೆಂಟಿನಲ್ಲಿ ಎಬ್ಬಿಸಿ, ಗೋಪುರ ಮುಗಿದು ಮಾಡಿಗೆ ಹಣವಿಲ್ಲದೆ ಸಾಲದಲ್ಲಿ ಬಿದ್ದ ಸಭೆಯನ್ನು ನಾವು ಬಲ್ಲೆವು. ಹೆಸರು ಹೇಳುವದಿಲ್ಲ, ಅವರೂ ಈ ಪತ್ರಿಕೆಯನ್ನು ಓದುತ್ತಾರೆ.

ಇನ್ನು ಮೊದಲಿಗೆ ಬಿಟ್ಟ ಮಾತಿಗೆ ಬರೋಣ. ರೈಸ್ ಅಯ್ಯನವರು ಬೆಂಗಳೂರಿಗೆ ಬಂದ 1837ರಲ್ಲಿಯೇ, ಜುಲೈ ತಿಂಗಳಲ್ಲಿ, ಅವರಿಗೆ ಬೆಂಜಮಿನ್ ಲೂಯಿಸ್ ಎಂಬ ಮಗನು ಅಲ್ಲಿ ಹುಟ್ಟಿದನು. ಅದೇ ವರುಷದಲ್ಲಿ, ಯಾವ ಸಂಬಂಧವೂ ಇಲ್ಲದೆ, ಕಲ್ಕತ್ತೆಯ ಟಂಕಸಾಲೆಯಲ್ಲಿ ಉದ್ಯೋಗಸ್ಥರಾಗಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬವರು ಬ್ರಾಹ್ಮೀ ಲಿಪಿಯನ್ನು ಓದುವ ಬಗೆಯನ್ನು ಕಂಡುಹಿಡಿದರು. ಶತಮಾನಗಳಿಂದ ಯಾರೂ ಓದಲಾರದ ಅಕ್ಷರಗಳಿಗೆ ಬಾಯಿ ಬಂದಿತು. ಲೂಯಿಸ್ ರೈಸ್ ಅವರು ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಬೆಂಗಳೂರಿಗೆ ಹಿಂದಿರುಗಿ ಉಪಾಧ್ಯಾಯರಾದರು. ತರುವಾಯ ಮೈಸೂರು ಸೀಮೆಯ ಪಾಠಶಾಲೆಗಳ ತನಿಖೆಗಾಗಿ ಊರೂರು ತಿರುಗಿದರು. ಕೆರೆ ಏರಿಯಲ್ಲಿ, ಗುಡಿಯ ಹಿಂದೆ, ಹೊಲದ ಬದುವಿನಲ್ಲಿ ನಿಂತ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಅವರು ಮುಂದೆ ಪ್ರಕಟಿಸಿದ ಕರ್ನಾಟಕದ ಶಾಸನಗಳ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. ಹನ್ನೊಂದನೆಯದು ನಮ್ಮ ಚಿತ್ರದುರ್ಗ ಜಿಲ್ಲೆಯದು. ತಮ್ಮನಾದ ಎಡ್ವರ್ಡ್ ರೈಸ್ ಅಯ್ಯನವರು ತಂದೆಯಂತೆಯೇ ಲಂಡನ್ ಮಿಶನ್ನಿನಲ್ಲಿ ಸೇವೆಮಾಡಿ, ತಂದೆಯ ಚರಿತ್ರೆಯನ್ನೂ, ಇಂಗ್ಲಿಷಿನಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನೂ ಬರೆದರು. ಈ ಎರಡನೆಯದರ 1921ರ ಮುದ್ರಣವನ್ನು ಪಂಡಿತರು ಇಂದಿಗೂ ಎತ್ತಿ ಹೇಳುತ್ತಾರೆ.

1892ರಲ್ಲಿ ಲೂಯಿಸ್ ರೈಸ್ ಅವರು ಮೊಳಕಾಲ್ಮುರಿನ ಮೂರು ಗುಂಡುಗಳನ್ನೂ ಪತ್ತೆಮಾಡಿದರು. ಅವು ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕ ಚಕ್ರವರ್ತಿಯ ಶಾಸನಗಳು. ಅಷ್ಟು ದೂರದ ಅರಸನ ಆಳಿಕೆಯು ಮೈಸೂರು ಸೀಮೆಯ ತನಕ ಬಂದಿತ್ತೆಂಬದು ಅಂದು ವಿದ್ವಾಂಸರಿಗೆ ಆಶ್ಚರ್ಯವಾಯಿತು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಧಿಕಾರಿಗಳೂ ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಅಪ್ಪಣೆಯದು. ತಂದೆತಾಯಿಗಳ ಮಾತನ್ನು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿಡಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಅರ್ಥದ ಮಾತುಗಳು ಅಲ್ಲಿವೆ. ಅರಸನ ಹೆಸರು ಮಾತ್ರ ಈ ಮೂರರಲ್ಲಿಯೂ ಇಲ್ಲ. ದೇವಾನಾಂಪ್ರಿಯನೆಂಬ ಬಿರುದಷ್ಟೇ ಉಂಟು. ಅಶೋಕನೆಂಬ ಹೆಸರುಳ್ಳ ಶಾಸನವು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿದ್ದು 1915ರಲ್ಲಿ. ಆಗ ಪೇಟೆಯಲ್ಲಿ ತಂದೆಯ ಹೆಸರಿನ ದೇವಾಲಯದ ಗೋಡೆಗಳು ಏಳುತ್ತಿದ್ದವು.

ಅರಸನು ಹೆಸರು ಬರೆಯಿಸಲಿಲ್ಲ, ಆದರೆ ಬರೆದವನು ತನ್ನ ಹೆಸರನ್ನು ಬಿಡಲಿಲ್ಲ. ಚಪಡನೆಂಬ ಲಿಪಿಕಾರನು ಮೂರು ಗುಂಡುಗಳಲ್ಲಿಯೂ ತನ್ನ ಹೆಸರನ್ನು ಕೊರೆದಿದ್ದಾನೆ. ಅಷ್ಟೇ ಅಲ್ಲದೆ, ಶಾಸನವನ್ನೆಲ್ಲಾ ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರನೆಂಬ ಒಂದು ಮಾತನ್ನು ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದನು. ಅದು ಸಿಂಧೂ ನದಿಯ ಆಚೆಗಿನ ಸೀಮೆಗಳ ಲಿಪಿ. ಮೊಳಕಾಲ್ಮುರಿನಲ್ಲಿ ಅದನ್ನು ಓದುವವರು ಆಗಲೂ ಇದ್ದಿರಲಾರರು. ದೂರದಿಂದ ಬಂದ ಕೂಲಿಯವನು ಪರದೇಶದ ಬಂಡೆಯ ಮೇಲೆ ತನ್ನ ಊರಿನ ಅಕ್ಷರದಲ್ಲಿ ಒಂದು ಮಾತನ್ನು ಬರೆದುಹೋದದ್ದನ್ನು ಯೋಚಿಸಿದಾಗಲೆಲ್ಲಾ ನಮ್ಮ ಮನಸ್ಸು ಕರಗುತ್ತದೆ.

ಇಲ್ಲಿ ನಮ್ಮ ಸಭೆಗಳವರನ್ನು ಒಂದು ಮಾತು ಕೇಳುತ್ತೇವೆ. ನಿಮ್ಮ ಊರಿನ ದೇವಾಲಯದ ಅಸ್ತಿವಾರದ ಕಲ್ಲನ್ನು ಓದಬಲ್ಲಿರಾ? ಅದಕ್ಕೆ ಎಷ್ಟು ಸಾರಿ ಸುಣ್ಣ ಬಳಿದಿದ್ದೀರಿ? ಅದರ ಮೇಲೆ ಇಟ್ಟವರ ಹೆಸರಿರುವದು, ಹೊತ್ತವರ ಹೆಸರಿರುವದಿಲ್ಲ. ಹೊಲದ ಕೆಲಸ ಮುಗಿಸಿ ಬೆಳ್ದಿಂಗಳಲ್ಲಿ ಕಲ್ಲು ಸಾಗಿಸಿದವರು, ಒಂದು ಪಡಿ ನವಣೆಯನ್ನು ಕಾಣಿಕೆಯಾಗಿ ತಂದ ವಿಧವೆ, ಬಾವಿಯ ನೀರನ್ನು ಗಾರೆಗೆ ಹೊತ್ತು ಹಾಕಿದ ಹುಡುಗಿಯರು, ಇವರ ನೆನಪು ಊರಿನ ಒಬ್ಬಿಬ್ಬರು ಮುದುಕರಲ್ಲಿ ಮಾತ್ರ ಉಳಿದದೆ. ಅವರು ಕಣ್ಣು ಮುಚ್ಚಿದರೆ ನಿಮ್ಮ ದೇವಾಲಯವೂ ಒಂದು ಅಕ್ಷರಗುಂಡಾಗುವದು: ಯಾರೋ ಕಟ್ಟಿದರೆಂದು ಗೊತ್ತು, ಯಾರೆಂದು ತಿಳಿಯದು. ಈ ತಿಂಗಳಲ್ಲಿಯೇ ಓದುಬರಹ ಬಲ್ಲ ಹುಡುಗನೊಬ್ಬನನ್ನು ಕಾಗದ ಲೇಖನಿಗಳೊಡನೆ ಆ ಮುದುಕರ ಬಳಿಗೆ ಕಳುಹಿಸಿರಿ. ಮನೆಯ ಉದ್ದ, ಅಗಲ, ಗೋಡೆಯ ದಪ್ಪ, ಕಲ್ಲು ಬಂದ ಗುಡ್ಡ, ಮಾಡಿನ ಮರ ಬಂದ ಊರು, ಕಲ್ಲುಕುಟಿಗನ ಹೆಸರು, ಕೂಲಿಯ ಲೆಕ್ಕ, ಮೊದಲನೆಯ ಸಾರಿ ಮಾಡು ಸೋರಿದ ವರುಷ, ಎಲ್ಲವನ್ನೂ ಬರೆಯಿಸಿರಿ. ಮುದುಕರಿಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿಸಿರಿ. ಜಗಳ ತೀರಿಸುವದಕ್ಕೆ ಹೋಗಬೇಡಿರಿ.

ಸವೆದ ಕಲ್ಲನ್ನು ಓದುವ ಉಪಾಯವನ್ನೂ ಹೇಳುತ್ತೇವೆ. ಮಧ್ಯಾಹ್ನದ ಬಿಸಿಲಿನಲ್ಲಿ ನೋಡಿದರೆ ಏನೂ ಕಾಣದು. ಸೂರ್ಯನು ವಾಲಿದಾಗ, ಇಲ್ಲವೆ ಕತ್ತಲೆಯಲ್ಲಿ ಒಂದು ದೀಪವನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಓರೆಯಾಗಿ ಹಿಡಿದು ನೋಡಿರಿ. ಕುಳಿಗಳಲ್ಲಿ ನೆರಳು ನಿಂತು ಅಕ್ಷರಗಳು ಏಳುವವು. ಅಚ್ಚು ತೆಗೆಯಬೇಕಾದರೆ ಶಾಸನ ಓದುವವರು ಮಾಡುವಂತೆ ಮಾಡಿರಿ. ಸುಣ್ಣವನ್ನು ನೀರಿನಿಂದಲೂ ತೆಂಗಿನ ನಾರಿನಿಂದಲೂ ಮೆಲ್ಲನೆ ತೊಳೆಯಿರಿ. ಉಳಿ, ಚಾಕು, ಆಮ್ಲ ಮುಟ್ಟಿಸಬಾರದು. ಸರಕಾರದ ರಕ್ಷಣೆಯಲ್ಲಿರುವ ಬ್ರಹ್ಮಗಿರಿ ಮೊದಲಾದ ಗುಂಡುಗಳ ಮೇಲೆ ಇದನ್ನು ಮಾಡಲೇಬಾರದು. ನಿಮ್ಮ ದೇವಾಲಯದ ಕಲ್ಲಿಗೆ ಮಾತ್ರ. ತೆಳುವಾದ ಗಟ್ಟಿ ಕಾಗದವನ್ನು ಒದ್ದೆಮಾಡಿ ಕಲ್ಲಿನ ಮೇಲೆ ಹರಡಿ, ಬ್ರಷ್ಷಿನಿಂದ ಮೆಲ್ಲಮೆಲ್ಲನೆ ತಟ್ಟಿದರೆ ಕಾಗದವು ಅಕ್ಷರದ ಕುಳಿಗಳಲ್ಲಿ ಇಳಿಯುವದು. ಅದು ಅರ್ಧ ಆರಿದ ಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಹಗುರವಾಗಿ ಒತ್ತಿರಿ. ಕಲ್ಲಿನ ಮೈ ಕಪ್ಪಾಗಿಯೂ ಅಕ್ಷರಗಳು ಬಿಳಿಯಾಗಿಯೂ ಮೂಡುವವು. ಪೂರಾ ಆರುವ ತನಕ ಎಳೆಯಬೇಡಿರಿ. ಎರಡು ಅಚ್ಚುಗಳನ್ನು ತೆಗೆದು, ಒಂದನ್ನು ಸಭಾಪಾಲಕರಿಗೆ ಕೊಟ್ಟು, ಇನ್ನೊಂದನ್ನು ಮುದುಕರು ಹೇಳಿದ ಬರಹದೊಡನೆ ಸುತ್ತಿ, ಬೇವಿನ ಎಲೆ ಹಾಕಿ, ತಗಡಿನ ಪೆಟ್ಟಿಗೆಯಲ್ಲಿ ಇಡಿರಿ. ಪೆಟ್ಟಿಗೆಯನ್ನು ನೆಲದ ಮೇಲೆ ಇಡಬೇಡಿರಿ. ನಮ್ಮ ಸೀಮೆಯ ಗೆದ್ದಲು ತಗಡಿನ ಸಂದನ್ನೂ ಬಿಡುವದಿಲ್ಲ.